ತಮ್ಮನ ಹೆಬ್ಬೆಟ್ಟು ಒತ್ತಿಸಬೇಡಿ

ಪ್ರಶ್ನೆ: ನನಗೆ 44 ವರ್ಷ, ಮೈಸೂರಿನಲ್ಲಿ ಕೆಲಸ. ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಅಪ್ಪ ನಾಲ್ಕು ವರ್ಷದ ಹಿಂದೆ ಉಯಿಲು ಬರೆಯದೆ ತೀರಿಕೊಂಡರು. ಶಿವಮೊಗ್ಗದಲ್ಲಿ ಅವರೇ ದುಡಿದು ಕಟ್ಟಿಸಿದ ಎರಡಂತಸ್ತಿನ ಮನೆಯಿದೆ. ಅಲ್ಲಿ 73 ವರ್ಷದ ಅಮ್ಮ ಮತ್ತು 38ರ ತಮ್ಮ ಇರುತ್ತಾರೆ. ತಮ್ಮನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಶೇ 70 ಎಂದಿದೆ. ‘ನೀನೂ ತಮ್ಮನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅವನನ್ನು ನಾನೇ ನೋಡ್ಕೋತೀನಿ’ ಎನ್ನುತ್ತಾನೆ ಬೆಂಗಳೂರಿನ ಅಣ್ಣ. ತಮ್ಮನನ್ನು ನಮ್ಮ ಮನೆಗೆ ಕರೆತರುವುದು ನನ್ನ ಯಜಮಾನರಿಗೆ ಇಷ್ಟವಿಲ್ಲ. ಕಾನೂನಿನ ಪ್ರಕಾರ ಅವನು ನನ್ನ ಜವಾಬ್ದಾರಿಯೇ? ಸಹಿ ಹಾಕಿ ಕೈತೊಳೆದುಕೊಂಡರೆ ತಪ್ಪೇ?

ಉತ್ತರ: ಕಾನೂನಿನ ಮಾತು ಮೊದಲು. ವಯಸ್ಕ ತಮ್ಮನಿಗೆ ಜೀವನಾಂಶ ಕೊಡಲೇಬೇಕು ಎಂದು ಹಿಂದೂ ಕಾನೂನು ಇಂದು ಯಾರಿಗೂ ಹೇಳುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125) ಹೆಂಡತಿ, ಮಕ್ಕಳು, ತಂದೆತಾಯಿಗೆ ಮಾತ್ರ ಅನ್ವಯಿಸುತ್ತದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 21ನೇ ಕಲಂನಲ್ಲಿ, ತೀರಿಕೊಂಡವರ ಆಸ್ತಿ ಪಡೆದವರು ಸಲಹಬೇಕಾದ ಅವಲಂಬಿತರ ಪಟ್ಟಿ ಇದೆ. ಮದುವೆಯಾಗದ ಮಗಳು ಅದರಲ್ಲಿದ್ದಾಳೆ, ವಯಸ್ಕ ಮಗ ಇಲ್ಲ. ಹಾಗಾಗಿ ನಿಮ್ಮ ಸಂಬಳದಿಂದ ತಮ್ಮನಿಗೆ ಇಷ್ಟು ಕೊಡಿ ಎಂದು ಈ ಕಾಯ್ದೆಗಳ ಅಡಿ ಕೋರ್ಟು ಹೇಳಲಾರದು. ಅಮ್ಮನ ವಿಷಯ ಬೇರೆ. ಅವರನ್ನು ನೋಡಿಕೊಳ್ಳುವುದು ನಿಮ್ಮ ಮತ್ತು ಅಣ್ಣನ ಕಾನೂನುಬದ್ಧ ಹೊಣೆ.

ಆದರೆ ಇಷ್ಟಕ್ಕೇ ನೆಮ್ಮದಿಯ ನಿಟ್ಟುಸಿರು ಬಿಡಬೇಡಿ. ಹಳೆಯ ಧರ್ಮಶಾಸ್ತ್ರದಲ್ಲಿ ನಿಮ್ಮ ತಮ್ಮನಂಥವರಿಗೆ ಆಸ್ತಿಯಲ್ಲಿ ಪಾಲು ಇರಲಿಲ್ಲ, ಪಾಲು ತೆಗೆದುಕೊಂಡವರು ಕೊನೆತನಕ ಅನ್ನ ಹಾಕಬೇಕಿತ್ತು. 1956ರ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಇದನ್ನು ತಿರುಗಿಸಿತು: ಯಾವ ರೋಗ, ನ್ಯೂನತೆಯ ಕಾರಣಕ್ಕೂ ಯಾರ ಪಾಲೂ ತಪ್ಪದು. ಅಂದರೆ ತಮ್ಮನ ಅನ್ನ ಈಗ ನಿಮ್ಮ ದಯೆಯಲ್ಲಿಲ್ಲ, ಅವನ ಪಾಲಿನಲ್ಲಿದೆ. ಅಮ್ಮ, ಅಣ್ಣ, ನೀವು, ತಮ್ಮ, ನಾಲ್ವರಿಗೂ ಆ ಮನೆಯಲ್ಲಿ ಕಾಲು ಕಾಲು ಭಾಗ. ಅಣ್ಣ ಕೇಳುತ್ತಿರುವುದು ಆ ಅನ್ನದ ಮೂಲವನ್ನೇ.

ಆದ್ದರಿಂದ ತಮ್ಮನಿಂದ ಹೆಬ್ಬೆಟ್ಟು ಒತ್ತಿಸಬೇಡಿ. ಬರೆದಿದ್ದನ್ನು ಅರ್ಥಮಾಡಿಕೊಂಡು ತನಗೆ ಒಳಿತೋ ಕೆಡುಕೋ ಎಂದು ತೂಗಿನೋಡಲಾಗದವರು ಮಾಡಿಕೊಟ್ಟ ಪತ್ರ ನಿಲ್ಲುವುದಿಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿಯಾದ ಮಾತ್ರಕ್ಕೆ ಅದು ಸರಿಯಾಗುವುದೂ ಇಲ್ಲ. ನಿಮ್ಮ ಸಹಿಯೂ ಈಗ ಬೇಡ. ಅಣ್ಣ ಒಳ್ಳೆಯವರೇ ಇರಬಹುದು. ಆದರೆ ಬಾಯಿಮಾತಿನ ‘ನೋಡ್ಕೋತೀನಿ’ ಅವರ ಜೀವ ಇರುವವರೆಗಿನ ಮಾತು. ನಾಳೆ ಅತ್ತಿಗೆಗೆ, ಅವರ ಮಕ್ಕಳಿಗೆ ಅದರಿಂದ ಯಾವ ಹೊಣೆಯೂ ಬರದು. ಸಾಲಕ್ಕೆ ಮನೆ ಅಡವಿಟ್ಟರೆ ಬ್ಯಾಂಕು ತಮ್ಮನನ್ನು ಕೇಳುವುದಿಲ್ಲ.

ತಮ್ಮನ ಪರವಾಗಿ ಸಹಿ ಹಾಕಲು ಕಾನೂನುಬದ್ಧ ಪೋಷಕರು (ಗಾರ್ಡಿಯನ್) ಬೇಕು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ವಯಸ್ಕರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. (ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇರುವವರಿಗೆ ಈ ಸಮಿತಿಯ ದಾರಿ ಇಲ್ಲ, ಅವರ ಮನೆಯವರು ವಕೀಲರನ್ನು ಬೇರೆಯಾಗಿ ಕೇಳಬೇಕು.) ಅರ್ಜಿ ಅಮ್ಮನದೋ ನಿಮ್ಮದೋ ಇರಲಿ. ಮನೆ ತನಗೇ ಬೇಕು ಎನ್ನುವ ಅಣ್ಣನೇ ಪೋಷಕರಾದರೆ ಕೊಡುವವರೂ ಕೊಳ್ಳುವವರೂ ಒಬ್ಬರೇ ಆಗುತ್ತಾರೆ. ಪೋಷಕರಾದವರು ಆರು ತಿಂಗಳೊಳಗೆ ತಮ್ಮನ ಆಸ್ತಿಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಇದನ್ನು ಕಿರುಕುಳ ಎಂದುಕೊಳ್ಳಬೇಡಿ. ನಾಳೆ ನಿಮ್ಮ ಮೇಲೆ ಯಾರಾದರೂ ಬೆರಳು ತೋರಿಸಿದರೆ ಆ ಲೆಕ್ಕವೇ ಉತ್ತರ.

ನಂತರ ಅಣ್ಣನಿಗೆ ಮನೆ ಬೇಕೇಬೇಕಿದ್ದರೆ ನೋಂದಾಯಿತ ವಿಭಾಗ ಪತ್ರವಾಗಲಿ. ನೆಲಮಹಡಿ ಅಮ್ಮ ಮತ್ತು ತಮ್ಮನ ಪಾಲಿಗೆ, ಮೇಲಿನದು ನಿಮಗೂ ಅಣ್ಣನಿಗೂ. ತಮ್ಮನ ಭಾಗವನ್ನು ಮಾರುವ ಮಾತು ಬಂದರೆ ಮೊದಲು ಜಿಲ್ಲಾ ನ್ಯಾಯಾಲಯದ ಅನುಮತಿ ಪಡೆಯಿರಿ. ಅಮ್ಮ ತಮಗೆ ಬಂದ ಕಾಲು ಭಾಗವನ್ನು ತಮ್ಮನ ಹೆಸರಿಗೆ ನೇರವಾಗಿ ಬರೆಯುವುದಕ್ಕಿಂತ, ಅವನ ಹಿತಕ್ಕಾಗಿ ಆಸ್ತಿ ನೋಡಿಕೊಳ್ಳುವ ಒಂದು ಖಾಸಗಿ ಟ್ರಸ್ಟ್‌ನ ಹೆಸರಿಗೆ ಉಯಿಲು ಬರೆಯುವುದು ಮೇಲು. ಬಾಡಿಗೆ ಯಾವುದಕ್ಕೆ ಖರ್ಚಾಗಬೇಕು, ಟ್ರಸ್ಟ್ ನಡೆಸುವ ಒಬ್ಬ ಟ್ರಸ್ಟಿ ಇಲ್ಲವಾದರೆ ಮುಂದೆ ಯಾರು, ತಮ್ಮನ ನಂತರ ಉಳಿದದ್ದು ಯಾರಿಗೆ, ಎಲ್ಲವೂ ಅದರಲ್ಲೇ ಇರುತ್ತದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ಇನ್ನು ನೀವು ಕೇಳದ, ಆದರೆ ಎಲ್ಲಕ್ಕಿಂತ ದೊಡ್ಡ ವಿಷಯ: ಪಿಂಚಣಿ. ಅಪ್ಪ ಕೇಂದ್ರ ಸರ್ಕಾರಿ ನೌಕರರು. ಅಮ್ಮನ ನಂತರ, ದುಡಿದು ಬದುಕಲಾಗದ ಅಂಗವಿಕಲ ಮಗನಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಬರುತ್ತದೆ. ಅದಕ್ಕೊಂದು ಆದಾಯ ಮಿತಿಯಿದೆ: ಅವನ ಬೇರೆ ಆದಾಯ ಅಪ್ಪನ ಕೊನೆಯ ಸಂಬಳದ ಶೇ 30 ಮತ್ತು ಅದರ ಮೇಲಿನ ತುಟ್ಟಿಪರಿಹಾರ ಸೇರಿದ ಮೊತ್ತವನ್ನು ಮೀರಬಾರದು. ನೆಲಮಹಡಿಯ ಬಾಡಿಗೆ ಪೂರ್ತಿ ತಮ್ಮನ ಹೆಸರಿಗೆ ಬಂದು, ಆ ಕಾರಣಕ್ಕೇ ಪಿಂಚಣಿ ತಪ್ಪಬಾರದಲ್ಲವೇ? ಪಾಲು ಬರೆಸುವ ಮುನ್ನವೇ ಈ ಲೆಕ್ಕ ಹಾಕಿ. ಉದ್ಯೋಗದಲ್ಲಿರುವ ನಿಮಗೂ ಸಣ್ಣ ಅನುಕೂಲವಿದೆ: ಅವನು ಮುಖ್ಯವಾಗಿ ನಿಮ್ಮನ್ನೇ ಅವಲಂಬಿಸಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕಕ್ಕೆ ಬರುವ ಆದಾಯದಿಂದ ₹75,000 ಕಡಿತ ಸಿಗುತ್ತದೆ.

ಈಗ ತಪ್ಪು–ಸರಿಯ ಮಾತು. ತಮ್ಮನನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳದಿದ್ದರೆ ಅದು ತಪ್ಪಲ್ಲ. ಯಜಮಾನರ ಮೇಲೆ ಹೇರಿ ಕರೆತಂದರೆ ಮೊದಲು ನೋಯುವವನು ಅವನೇ, ಏಕೆಂದರೆ ಮಾತು ಅರ್ಥವಾಗದಿದ್ದರೂ ಮುಖ ಗಂಟಿಕ್ಕಿದ್ದು ಅವನಿಗೆ ಅರ್ಥವಾಗುತ್ತದೆ. ಅವನು ಎಲ್ಲಿದ್ದಾನೆ, ಹೇಗಿದ್ದಾನೆ, ಅವನ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ನೋಡದೆ ಇರುವುದು ಮಾತ್ರ ತಪ್ಪು. ಸಹಿ ಹಾಕಿ ಕೈತೊಳೆದುಕೊಳ್ಳುವುದೆಂದರೆ ಅದೇ.

ಇಂಥ ಮನೆಗಳಲ್ಲಿ ಅನಾಹುತ ಆಗುವುದು ಹೆಚ್ಚಾಗಿ ತಾಯಿ ತೀರಿಕೊಂಡ ಮೊದಲ ದಿನಗಳಲ್ಲಿ. ತಾಯಿಯೂ ಇಲ್ಲ, ಅದೇ ವಾರ ಮನೆಯೂ ಬದಲು. ಊಟ ಬಿಡುತ್ತಾನೆ, ರಾತ್ರಿ ಬಾಗಿಲು ತೆಗೆದು ಹೊರಡುತ್ತಾನೆ. ಹಾಗಾಗಿ ಅಮ್ಮ ಇರುವಾಗಲೇ ಅವನು ಅಣ್ಣನ ಮನೆಯಲ್ಲಿ ಹತ್ತು ದಿನ, ನಿಮ್ಮಲ್ಲಿ ನಾಲ್ಕು ದಿನ ಇದ್ದು ಬರಲಿ. ಯಜಮಾನರೂ ಇಷ್ಟಕ್ಕೆ ಒಪ್ಪಬಹುದು. ಅಮ್ಮನನ್ನು ಕೂರಿಸಿಕೊಂಡು ಒಂದು ನೋಟ್‌ಪುಸ್ತಕ ಬರೆಯಿರಿ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ತಟ್ಟೆಯಲ್ಲಿ ಬಡಿಸಿದರೆ ಉಣ್ಣುತ್ತಾನೆ, ಕುಕ್ಕರಿನ ಸೀಟಿಗೆ ಹೆದರಿ ಕಿವಿ ಮುಚ್ಚಿಕೊಂಡಾಗ ಏನು ಹೇಳಿದರೆ ಸಮಾಧಾನವಾಗುತ್ತದೆ. ಇವೆಲ್ಲ ಈಗ ಅಮ್ಮನಿಗೆ ಮಾತ್ರ ಗೊತ್ತು.

ಅಣ್ಣನ ಬಳಿ ಆರೋಪದ ದನಿ ಬೇಡ. ‘ಅಣ್ಣಾ, ನೀನು ನೋಡ್ಕೋತೀಯ ಅಂತ ನನಗೆ ನಂಬಿಕೆ ಇದೆ. ನಿನಗೂ ನನಗೂ ಏನಾದರೂ ಆದರೆ ಅವನಿಗೆ ಯಾರು? ಅದನ್ನು ಬರೆದಿಡೋಣ’ ಎನ್ನಿ. ಒಪ್ಪಿದರೆ ತಿಂಗಳ ಖರ್ಚಿನಲ್ಲಿ ನಿಮ್ಮ ಪಾಲೆಷ್ಟು ಎಂದು ಅಲ್ಲೇ ಹೇಳಿಬಿಡಿ. ಒಪ್ಪದಿದ್ದರೂ ಪೋಷಕತ್ವದ ಅರ್ಜಿ ಹಾಕಲು ನೀವು ಕಾಯಬೇಕಿಲ್ಲ.

ಅದಕ್ಕೂ ಮುನ್ನ, ಇದೇ ತಿಂಗಳು, ಅಪ್ಪ ಕೊನೆಗೆ ಕೆಲಸ ಮಾಡಿದ ಕಚೇರಿಗೆ ಅಮ್ಮನ ಕೈಯಿಂದಲೇ ಅರ್ಜಿ ಕೊಡಿಸಿ, ಪಿಂಚಣಿ ಆದೇಶದಲ್ಲಿ ತಮ್ಮನ ಹೆಸರು ಸೇರಿಸಲು ಕೇಳಿ. ಅಂಗವೈಕಲ್ಯದ ಪ್ರಮಾಣಪತ್ರ, ‘ದುಡಿದು ಬದುಕಲಾರ’ ಎಂಬ ವೈದ್ಯರ ಬರಹ, ಅವನ ಜನನ ದಾಖಲೆ ಜೊತೆಗಿರಲಿ. ಅಮ್ಮ ಇರುವಾಗ ಒಂದು ಸಹಿಯಿಂದ ಶುರುವಾಗುವ ಕೆಲಸಕ್ಕೆ ಆಮೇಲೆ ನೀವು ವರ್ಷಗಟ್ಟಲೆ ಅಲೆಯಬೇಕಾದೀತು.