ಟಿಪ್ಪಣಿ, ಕೆಲಸದ ಪಟ್ಟಿ, ವೇಳಾಪಟ್ಟಿ: ಮೂರಕ್ಕೂ ಒಂದೇ ಆ್ಯಪ್ ಸಾಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಒಂದೇ ವರ್ಷದಲ್ಲಿ ನಾಲ್ಕು ಆ್ಯಪ್ ಬದಲಿಸಿದ್ದೀರಿ. ಟಿಪ್ಪಣಿಗಳು ಒಂದು ಕಡೆ, ಮಾಡಬೇಕಾದ ಕೆಲಸಗಳು ಇನ್ನೊಂದು ಕಡೆ, ಉಳಿದದ್ದು ನಿಮಗೆ ನೀವೇ ಕಳಿಸಿಕೊಂಡ ವಾಟ್ಸ್ಆ್ಯಪ್ ಸಂದೇಶಗಳಲ್ಲಿ. ಮೂರನ್ನೂ ನೋಡಿಕೊಳ್ಳುವ ಒಂದೇ ಆ್ಯಪ್ ಯಾವುದು, ಹಳೆಯ ಟಿಪ್ಪಣಿಗಳನ್ನೆಲ್ಲ ಅದಕ್ಕೆ ಸಾಗಿಸುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಹುಡುಕಾಟದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೂರನ್ನೂ ಒಂದರಲ್ಲೇ ಇಡಬೇಕೆಂಬ ಆಸೆಯನ್ನು ಮೊದಲು ಬಿಟ್ಟುಬಿಡಿ. ಇವು ಮೂರೂ ಒಂದೇ ಜಾತಿಯ ವಸ್ತುಗಳಲ್ಲ. 'ಬುಧವಾರ ಸಂಜೆ 5ಕ್ಕೆ ದಂತವೈದ್ಯರ ಭೇಟಿ' ಎಂಬ ಸಾಲಿಗೆ ಬುಧವಾರ ಸಂಜೆ 5ರವರೆಗೆ ಮಾತ್ರ ಬೆಲೆ. ಆ ಹೊತ್ತು ಮೀರಿದರೆ ಅದು ಸತ್ತಂತೆ. 'ಪಾಸ್‌ಪೋರ್ಟ್ ನವೀಕರಣದ ಅರ್ಜಿ ತುಂಬುವುದು' ಎಂಬುದು ನೀವು ಮಾಡಿ ಮುಗಿಸುವವರೆಗೂ ಬೆನ್ನು ಬಿಡುವುದಿಲ್ಲ. 'ಪ್ರಿಂಟರಿಗೆ ಹಾಕುವ ಕಾರ್ಟ್ರಿಜ್‌ನ ಮಾದರಿ ಸಂಖ್ಯೆ' ಇಂದು ಯಾರಿಗೂ ಬೇಡ, ಎಂಟು ತಿಂಗಳ ನಂತರ ಒಂದು ದಿನ ತಟ್ಟನೆ ಬೇಕಾಗುತ್ತದೆ. ಮೊದಲನೆಯದು ಸರಿಯಾದ ಹೊತ್ತಿಗೆ ನಮ್ಮನ್ನು ಎಚ್ಚರಿಸಬೇಕು, ಎರಡನೆಯದು ಕಣ್ಣ ಮುಂದೆಯೇ ಇರಬೇಕು, ಮೂರನೆಯದು ಕಣ್ಣಿಗೆ ಬೀಳದೆ ಇದ್ದು, ಹುಡುಕಿದಾಗ ಸಿಗಬೇಕು. ಮೂರೂ ಕೆಲಸವನ್ನು ಒಂದೇ ಆ್ಯಪ್ ಚೆನ್ನಾಗಿ ಮಾಡಿದ್ದನ್ನು ನಾನು ಈವರೆಗೆ ಕಂಡಿಲ್ಲ. ನೀವು ಬಿಟ್ಟ ನಾಲ್ಕು ಆ್ಯಪ್‌ಗಳನ್ನು ಏಕೆ ಬಿಟ್ಟಿರಿ ಎಂದು ನೆನಪಿಸಿಕೊಳ್ಳಿ. ಬಹುಶಃ ಪ್ರತಿಯೊಂದೂ ಈ ಮೂರರಲ್ಲಿ ಒಂದನ್ನು ಕೈಬಿಟ್ಟಿತ್ತು.

ಕ್ಯಾಲೆಂಡರ್ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಡಿ. ಫೋನಿನಲ್ಲಿ ಈಗಾಗಲೇ ಇರುವುದೇ ಸಾಕು, ಗೂಗಲ್‌ನದಾಗಲಿ ಆ್ಯಪಲ್‌ನದಾಗಲಿ. ಕ್ಯಾಲೆಂಡರ್‌ಗಳ ನಡುವೆ ಮಾಹಿತಿ ಸಾಗಿಸಲು ಐಕ್ಯಾಲೆಂಡರ್ ಎಂಬ ಸಾಮಾನ್ಯ ಮಾದರಿ 1998ರಿಂದಲೇ ಇದೆ. ಇಮೇಲ್‌ನಲ್ಲಿ ಬರುವ ಆಹ್ವಾನಗಳ ಜೊತೆ 'ಐಸಿಎಸ್' ಎಂಬ ಫೈಲ್ ಇರುತ್ತದಲ್ಲ, ಅದೇ ಇದು. ನಾಳೆ ಬೇರೆ ಕ್ಯಾಲೆಂಡರ್ ಬೇಕೆನಿಸಿದರೂ ಹೆಚ್ಚು ನಷ್ಟವಿಲ್ಲ. ಆದರೆ ಒಂದು ಕಟ್ಟುನಿಟ್ಟು ಬೇಕು: ಆ ಹೊತ್ತಿಗೇ ನಡೆಯುವಂಥದ್ದನ್ನು ಮಾತ್ರ ಅಲ್ಲಿ ಬರೆಯಿರಿ. 'ಶನಿವಾರ 10ಕ್ಕೆ ಕಪಾಟು ಜೋಡಿಸುವುದು' ಎಂಬಂಥ ಆಸೆಗಳನ್ನು ಅಲ್ಲಿ ತುಂಬಿಸಿದರೆ, ಎರಡು ವಾರದಲ್ಲಿ ಕ್ಯಾಲೆಂಡರಿನ ಮಾತನ್ನು ನಂಬುವುದನ್ನೇ ಬಿಡುತ್ತೀರಿ. ಆಮೇಲೆ ನಿಜವಾದ ಭೇಟಿಯ ಗಂಟೆ ಬಾರಿಸಿದರೂ ಕೈ ತಾನಾಗಿ ಅದನ್ನು ಆರಿಸಿಬಿಡುತ್ತದೆ.

ಕೆಲಸಗಳ ಪಟ್ಟಿಯಲ್ಲಿ ಆ್ಯಪ್‌ಗಿಂತ ಸಾಲು ಬರೆಯುವ ರೀತಿ ಮುಖ್ಯ. ನನ್ನ ಪಟ್ಟಿಯಲ್ಲಿ 'ವಿಮೆ' ಎಂಬ ಒಂದೇ ಪದ ಸುಮಾರು ಮೂರು ತಿಂಗಳು ಕುಳಿತಿತ್ತು. ದಿನವೂ ನೋಡುತ್ತಿದ್ದೆ, ದಿನವೂ ದಾಟಿ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನು ಅಳಿಸಿ, 'ವಿಮಾ ಕಚೇರಿಗೆ ಫೋನ್ ಮಾಡಿ ವಿಳಾಸ ಬದಲಾವಣೆಗೆ ಯಾವ ದಾಖಲೆ ಬೇಕು ಎಂದು ಕೇಳುವುದು' ಎಂದು ಬರೆದೆ. ಪಾಲಿಸಿ ಸಂಖ್ಯೆಯನ್ನೂ ಫೋನ್ ಸಂಖ್ಯೆಯನ್ನೂ ಅದೇ ಸಾಲಿನ ಕೆಳಗೆ ಹಾಕಿದೆ. ಅಂದು ಮಧ್ಯಾಹ್ನ ಬಿಡುವಾದಾಗ ಸಾಲು ಕಣ್ಣಿಗೆ ಬಿತ್ತು, ಸಂಖ್ಯೆ ಒತ್ತಿದೆ, ಹನ್ನೊಂದು ನಿಮಿಷದಲ್ಲಿ ಮಾತು ಮುಗಿಯಿತು. ಮೂರು ತಿಂಗಳು ಆಗದಿದ್ದ ಕೆಲಸವನ್ನು ಮುಗಿಸಿದ್ದು ಹೊಸ ಆ್ಯಪ್ ಅಲ್ಲ. 'ವಿಮೆ' ಎಂಬುದು ಕೆಲಸವೇ ಆಗಿರಲಿಲ್ಲ, ಒಂದು ಚಿಂತೆಯ ಹೆಸರಾಗಿತ್ತು. ನಿಮ್ಮ ಪಟ್ಟಿಯಲ್ಲಿ ಕ್ರಿಯಾಪದವಿಲ್ಲದ ಸಾಲುಗಳು ಎಷ್ಟಿವೆ ಎಂದು ಇವತ್ತೇ ಒಮ್ಮೆ ಎಣಿಸಿ ನೋಡಿ.

ಮುಗಿಯದ ಕೆಲಸ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ ಎಂಬುದನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲೇ ಬರೆದಿದ್ದರು. ಅದಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು 2011ರಲ್ಲಿ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಅಧ್ಯಯನ. ಕೆಲಸ ಮುಗಿಯಲೇಬೇಕೆಂದಿಲ್ಲ, ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೂ ಆ ಕೊರೆತ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. 'ವಿಮೆ' ಎಂದು ಬರೆದಿಟ್ಟರೂ ತಲೆಭಾರ ಇಳಿಯದೆ, ಪೂರ್ತಿ ಸಾಲು ಬರೆದ ಕೂಡಲೇ ಇಳಿದದ್ದು ಏಕೆಂದು ನನಗೆ ಅದನ್ನು ಓದಿದಾಗ ಹೊಳೆಯಿತು.

ಇಷ್ಟು ಹೇಳಿದ ಮೇಲೂ ಆ್ಯಪ್ ಆರಿಸುವಾಗ ಪರೀಕ್ಷಿಸಲೇಬೇಕಾದ ಒಂದು ಗುಣವಿದೆ. ಮರುಕಳಿಸುವ ಕೆಲಸಗಳ ಮುಂದಿನ ತಾರೀಕನ್ನು ಆ ಆ್ಯಪ್ ಹೇಗೆ ಎಣಿಸುತ್ತದೆ ಎಂಬುದು. ಬಾಡಿಗೆ ಪ್ರತಿ ತಿಂಗಳು 5ನೇ ತಾರೀಕು ಕಟ್ಟಬೇಕು. ಈ ಸಲ ಎರಡು ದಿನ ತಡವಾಯಿತೆಂದು ಮುಂದಿನ ತಿಂಗಳ ತಾರೀಕು ಬದಲಾಗುವುದಿಲ್ಲ. ನೀರಿನ ಫಿಲ್ಟರ್ ಬದಲಿಸುವುದು ಹಾಗಲ್ಲ. ಮೂರು ತಿಂಗಳಿಗೊಮ್ಮೆ ಎಂದಿದ್ದದ್ದನ್ನು ಒಂದು ತಿಂಗಳು ತಡವಾಗಿ ಬದಲಿಸಿದರೆ, ಮುಂದಿನ ಮೂರು ತಿಂಗಳನ್ನು ಬದಲಿಸಿದ ದಿನದಿಂದ ಎಣಿಸಬೇಕು. ಟುಡೂಯಿಸ್ಟ್ ಎಂಬ ಕೆಲಸದ ಪಟ್ಟಿಯ ಆ್ಯಪಿನಲ್ಲಿ ಈ ವ್ಯತ್ಯಾಸಕ್ಕೆ ವ್ಯವಸ್ಥೆಯಿದೆ: 'ಪ್ರತಿ' ಎಂಬರ್ಥದ 'ಎವ್ರಿ' (every) ಎಂಬ ಇಂಗ್ಲಿಷ್ ಪದಕ್ಕೆ ಆಶ್ಚರ್ಯಸೂಚಕ ಚಿಹ್ನೆ ಅಂಟಿಸಿದರೆ ಅದು ಕೆಲಸ ಮುಗಿಸಿದ ದಿನದಿಂದ ಎಣಿಸುತ್ತದೆ, ಇಲ್ಲದಿದ್ದರೆ ನಿಗದಿತ ತಾರೀಕಿನಿಂದ. ನಾನು ಅದಕ್ಕೇ ಅಂಟಿಕೊಳ್ಳಲು ಈ ಚಿಹ್ನೆಯೇ ಕಾರಣ ಎಂದರೂ ತಪ್ಪಲ್ಲ. ನಿಮಗೆ ಇಂಥ ಕೆಲಸಗಳು ಕಡಿಮೆಯಿದ್ದರೆ ಮೈಕ್ರೋಸಾಫ್ಟ್ ಟು ಡು ಅಥವಾ ಗೂಗಲ್ ಟಾಸ್ಕ್ಸ್ ಧಾರಾಳವಾಗಿ ಸಾಕು, ಎರಡೂ ಉಚಿತ.

ಇನ್ನು ಟಿಪ್ಪಣಿಗಳು. ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲಿ. ಏಕೆಂದರೆ ಕ್ಯಾಲೆಂಡರಿನಲ್ಲಿ ಹೋದ ವರ್ಷದ್ದು ಕಳೆದುಹೋದರೆ ಯಾರೂ ಅಳುವುದಿಲ್ಲ, ಟಿಪ್ಪಣಿಗಳ ಬೆಲೆ ಮಾತ್ರ ವರ್ಷ ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ. ಹೀಗಾಗಿ ಒಳಗೆ ಹೋಗುವ ಮುನ್ನವೇ ಹೊರಗೆ ಬರುವ ಬಾಗಿಲನ್ನು ನೋಡಿಕೊಳ್ಳಬೇಕು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಏಳು ವರ್ಷ ಬಳಸಿದ ಒಂದು ಆ್ಯಪ್ ಮುಚ್ಚುತ್ತದೆ ಎಂದು ಇಮೇಲ್ ಬಂತು. ಇರುವುದನ್ನೆಲ್ಲ ಹೊರತೆಗೆದು ಕೊಡುವ ಎಕ್ಸ್‌ಪೋರ್ಟ್ ಗುಂಡಿ ಇತ್ತು, ಒತ್ತಿದೆ. ಬಂದ ಜಿಪ್ ಫೈಲ್ ಬಿಚ್ಚಿದರೆ ಸಾವಿರಕ್ಕೂ ಹೆಚ್ಚು ಫೈಲ್‌ಗಳು, ಅರ್ಧಕ್ಕರ್ಧದ ಹೆಸರು 'ಶೀರ್ಷಿಕೆಯಿಲ್ಲ 1', 'ಶೀರ್ಷಿಕೆಯಿಲ್ಲ 2', ಹೀಗೆ. ಚಿತ್ರಗಳೆಲ್ಲ ಬೇರೊಂದು ಫೋಲ್ಡರಿನಲ್ಲಿ. ಯಾವ ಚಿತ್ರ ಯಾವ ಟಿಪ್ಪಣಿಯದು ಎಂದು ಹೇಳುವ ಕೊಂಡಿ ಎಲ್ಲೂ ಇಲ್ಲ. ಅಮ್ಮನ ಔಷಧಿಗಳು ಯಾವಾಗ ಬದಲಾದವು ಎಂದು ನಾನು ಕೋಷ್ಟಕದಲ್ಲಿ ಬರೆದುಕೊಂಡು ಬಂದಿದ್ದೆ. ತೆರೆದು ನೋಡಿದರೆ ಗೆರೆಗಳು ಅಳಿದು, ತಾರೀಕು, ಹೆಸರು, ಪ್ರಮಾಣ ಎಲ್ಲ ಒಂದೇ ಉದ್ದ ಸಾಲಾಗಿ ಬೆರೆತುಹೋಗಿದ್ದವು. ಹಳೆಯ ಚೀಟಿಗಳನ್ನು ಎದುರಿಗಿಟ್ಟುಕೊಂಡು ಅದನ್ನು ಮತ್ತೆ ಕಟ್ಟಲು ಎರಡು ಭಾನುವಾರ ಹಿಡಿಯಿತು. ಚೀಟಿಗಳನ್ನು ಎಸೆದಿದ್ದರೆ ಅದೂ ಆಗುತ್ತಿರಲಿಲ್ಲ.

ದೊಡ್ಡ ಹೆಸರಿದ್ದ ಮಾತ್ರಕ್ಕೆ ಭಯವಿಲ್ಲ ಎಂದುಕೊಳ್ಳಬೇಡಿ. ವಂಡರ್‌ಲಿಸ್ಟ್ ಎಂಬ ಬಹಳ ಜನಪ್ರಿಯವಾದ ಕೆಲಸದ ಪಟ್ಟಿಯ ಆ್ಯಪನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ 6ರಂದು ಅದು ನಿಂತಿತು. ಎವರ್‌ನೋಟ್ ಇಂದಿಗೂ ಇದೆ, ಆದರೆ 2023ರ ಡಿಸೆಂಬರ್‌ನಲ್ಲಿ ಅದರ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಬಂತು. ಕಂಪನಿಗಳು ತಮ್ಮ ದಾರಿ ಬದಲಿಸುವುದು ಸಹಜ. ಅವುಗಳ ದಾರಿ ಬದಲಾದಾಗ ನಮ್ಮ ಗಂಟು ನಮ್ಮ ಕೈಯಲ್ಲೇ ಇರಬೇಕು, ಅಷ್ಟೇ.

ಹಾಗಾಗಿ ಈಗ ನಾನು ಟಿಪ್ಪಣಿಗಳಿಗೆ ಅಬ್ಸಿಡಿಯನ್ ಬಳಸುತ್ತೇನೆ. ಅದರಲ್ಲಿ ಪ್ರತಿ ಟಿಪ್ಪಣಿಯೂ ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಸರಳ ಪಠ್ಯದ ಫೈಲಾಗಿಯೇ ಇರುತ್ತದೆ. ಶೀರ್ಷಿಕೆಗೆ ಒಂದು ಹ್ಯಾಶ್ ಚಿಹ್ನೆ, ಪಟ್ಟಿಗೆ ಒಂದು ಅಡ್ಡಗೆರೆ: 2004ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಬರವಣಿಗೆಯ ಕ್ರಮ ಅದು. ನಾಳೆ ಅಬ್ಸಿಡಿಯನ್ ಇಲ್ಲವಾದರೂ ನೋಟ್‌ಪ್ಯಾಡಿನಲ್ಲಿ ಆ ಫೈಲ್‌ಗಳು ತೆರೆದುಕೊಳ್ಳುತ್ತವೆ. ಫೋನ್ ಮತ್ತು ಕಂಪ್ಯೂಟರ್ ಎರಡರಲ್ಲೂ ಟಿಪ್ಪಣಿಗಳನ್ನು ಒಂದೇ ರೀತಿ ಇಡುವ ಸಿಂಕ್‌ಗೆ ಅವರದೇ ಸೇವೆ ಬೇಕೆಂದರೆ ಹಣ ಕೊಡಬೇಕು, ಅದೊಂದು ಕೊರತೆ. ಜಾಪ್ಲಿನ್ ಇನ್ನೊಂದು ಒಳ್ಳೆಯ ಆಯ್ಕೆ, ಮುಕ್ತ ತಂತ್ರಾಂಶ, ಸಿಂಕ್ ಮಾಡುವಾಗ ಟಿಪ್ಪಣಿಗಳನ್ನು ಬೇರೆಯವರು ಓದಲಾಗದಂತೆ ಗೂಢಲಿಪೀಕರಿಸುವ ಸೌಲಭ್ಯವೂ ಇದೆ. ನೋಷನ್ ನೋಡಲು ಸುಂದರ, ನಾಲ್ಕಾರು ಜನ ಸೇರಿ ಕೆಲಸ ಮಾಡಲು ನನಗೂ ಅದೇ ಇಷ್ಟ. ಆದರೆ ಇಂಟರ್ನೆಟ್ ಇಲ್ಲದೆ ಪುಟ ತೆರೆಯುವ ಸೌಲಭ್ಯ ಅದಕ್ಕೆ ಬಂದದ್ದೇ 2025ರಲ್ಲಿ. ಎರಡು ಸಾಲಿನ ಚಿಕ್ಕ ಟಿಪ್ಪಣಿಗಳಷ್ಟೇ ನಿಮ್ಮವಾದರೆ ಇಷ್ಟೆಲ್ಲ ಬೇಡವೇ ಬೇಡ, ಗೂಗಲ್ ಕೀಪ್ ಸಾಕು. ಗೂಗಲ್ ಟೇಕ್‌ಔಟ್ ಮೂಲಕ ಅದರಲ್ಲಿರುವುದನ್ನೆಲ್ಲ ಹೊರತೆಗೆಯಬಹುದು.

ನೀವು ಕನ್ನಡದಲ್ಲಿ ಬರೆಯುವವರಾದ್ದರಿಂದ ಇನ್ನೊಂದು ಮಾತು. ಯಾವ ಆ್ಯಪ್ ಆದರೂ ಮೊದಲ ದಿನವೇ ಅದರ ಹುಡುಕಾಟವನ್ನು ಕನ್ನಡದಲ್ಲಿ ಪರೀಕ್ಷಿಸಿ. ನಮ್ಮ ಪದಗಳು ವಿಭಕ್ತಿ ಸೇರಿದ ಕೂಡಲೇ ರೂಪ ಬದಲಿಸುತ್ತವೆ. 'ಪುಸ್ತಕ' ಎಂದು ಹುಡುಕಿದರೆ 'ಪುಸ್ತಕದಲ್ಲಿ' ಸಿಗುತ್ತದೆ, ಆದರೆ 'ಕಾರು' ಎಂದು ಹುಡುಕಿದರೆ 'ಕಾರಿನ ಸರ್ವಿಸ್' ಸಿಗುವುದಿಲ್ಲ. 'ಕಾರ' ಎಂದಷ್ಟೇ ಕೊಟ್ಟರೆ ಹಲವು ಆ್ಯಪ್‌ಗಳಲ್ಲಿ ಸಿಗುತ್ತದೆ, ಜೊತೆಗೆ 'ಕಾರಣ' ಇರುವ ಟಿಪ್ಪಣಿಗಳೂ ಬಂದು ಗುಂಪುಗೂಡುತ್ತವೆ. 'ಲ್ಯಾಪ್‌ಟಾಪ್' ಎಂಬಂಥ ಪದದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಡಗಿರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕಿ ಇನ್ನೊಂದು ಹಾಕದಿದ್ದರೆ, ಟಿಪ್ಪಣಿ ಎದುರಿಗಿದ್ದರೂ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಇದಕ್ಕೆ ನಾನು ಕಂಡುಕೊಂಡ ಉಪಾಯ ಬಹಳ ಸರಳ. ಪ್ರತಿ ಟಿಪ್ಪಣಿಯ ಶೀರ್ಷಿಕೆಯಲ್ಲಿ ಮೊದಲು ತಾರೀಕನ್ನು 2024-03-18 ಎಂಬ ಕ್ರಮದಲ್ಲಿ ಬರೆಯುತ್ತೇನೆ, ನಂತರ ಎರಡು ಮೂರು ಪದಗಳನ್ನು ಯಾವ ಪ್ರತ್ಯಯವನ್ನೂ ಸೇರಿಸದೆ ಹಾಕುತ್ತೇನೆ: '2024-03-18 ಕಾರು ಸರ್ವಿಸ್ ಬ್ಯಾಟರಿ'. ವಾಕ್ಯವಾಗಿ ಓದಲು ಅಂದವಿಲ್ಲ, ಆದರೆ ಸಿಗುತ್ತದೆ. ವರ್ಷ ಮೊದಲು ಬಂದಿರುವುದರಿಂದ ಹೆಸರಿನ ಪ್ರಕಾರ ಜೋಡಿಸಿದರೆ ತಾರೀಕಿನ ಪ್ರಕಾರವೂ ತಾನಾಗಿ ಸಾಲುಗಟ್ಟುತ್ತವೆ.

ಪಾಸ್‌ವರ್ಡ್, ಬ್ಯಾಂಕ್ ಪಿನ್ ಇತ್ಯಾದಿಗಳನ್ನು ದಯವಿಟ್ಟು ಯಾವ ಟಿಪ್ಪಣಿ ಆ್ಯಪಿನಲ್ಲೂ ಇಡಬೇಡಿ. ಅದಕ್ಕೆಂದೇ ಬಿಟ್‌ವಾರ್ಡನ್, ಕೀಪಾಸ್‌ನಂಥವು ಇವೆ.

ಆಯ್ಕೆ ಮಾಡುವ ಮುನ್ನ ಒಂದು ವಾರ ಹೀಗೆ ನೋಡಿ. ಹತ್ತೇ ಹತ್ತು ನಿಜವಾದ ಟಿಪ್ಪಣಿಗಳನ್ನು ಹಾಕಿ, ಅವುಗಳಲ್ಲಿ ಒಂದರಲ್ಲಿ ಚಿತ್ರ, ಒಂದರಲ್ಲಿ ಕೋಷ್ಟಕ ಇರಲಿ. ಎಕ್ಸ್‌ಪೋರ್ಟ್ ಮಾಡಿ, ಬಂದದ್ದನ್ನು ಆ ಆ್ಯಪ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮೂರು ದಿನದ ಹಿಂದಿನ ಟಿಪ್ಪಣಿ ತೆರೆಯುತ್ತದೆಯೇ ನೋಡಿ. ಬೀಗ ಹಾಕಿದ ಫೋನ್ ಕೈಗೆತ್ತಿಕೊಂಡು ಒಂದು ಹೊಸ ಸಾಲು ಬರೆದು ಮುಗಿಸಲು ಎಷ್ಟು ಹೊತ್ತಾಗುತ್ತದೆ ಎಂದು ಎಣಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚಾದರೆ ನೀವು ಮತ್ತೆ ವಾಟ್ಸ್ಆ್ಯಪ್‌ಗೇ ಹೋಗುತ್ತೀರಿ. ಹಾಗೆ ಹೋದರೂ ಅದು ದೋಷವಲ್ಲ ಎಂದು ನನ್ನ ಅಭಿಪ್ರಾಯ. ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳುವ ರೂಢಿಯನ್ನು ಬಿಡಬೇಕಿಲ್ಲ, ಅದು ಬಾಗಿಲ ಬಳಿಯ ಬುಟ್ಟಿಯಿದ್ದಂತೆ. ದಿನಕ್ಕೊಮ್ಮೆ ಅದನ್ನು ಖಾಲಿ ಮಾಡಿದರಾಯಿತು. ನಾನು ರಾತ್ರಿ ಮಲಗುವ ಮುನ್ನ ಐದು ನಿಮಿಷ ಕುಳಿತು, ಬಂದು ಬಿದ್ದದ್ದನ್ನೆಲ್ಲ ಈ ಮೂರು ಜಾಗಗಳಿಗೆ ಹಂಚುತ್ತೇನೆ. ಯಾವ ಆ್ಯಪ್ ಬದಲಾದರೂ ನಾನು ಬಿಡದೆ ಉಳಿಸಿಕೊಂಡದ್ದು ಈ ಐದು ನಿಮಿಷವನ್ನು.

ಕೊನೆಯದಾಗಿ, ನಾಲ್ಕು ಆ್ಯಪ್‌ಗಳಲ್ಲಿ ಚೆಲ್ಲಿರುವ ಹಳೆಯ ಟಿಪ್ಪಣಿಗಳನ್ನು ಸಾಗಿಸುವುದು ಹೇಗೆ ಎಂಬುದು. ಸಾಗಿಸಬೇಡಿ. ನಾಲ್ಕರಿಂದಲೂ ಎಕ್ಸ್‌ಪೋರ್ಟ್ ಮಾಡಿ 'ಹಳೆಯದು' ಎಂಬ ಒಂದು ಫೋಲ್ಡರಿನಲ್ಲಿ ಹಾಕಿ, ಅದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟು, ಹೊಸದನ್ನು ಖಾಲಿಯಾಗಿಯೇ ಶುರು ಮಾಡಿ. ಯಾವುದಾದರೂ ಬೇಕಾದಾಗ ಹುಡುಕಿ, ಸಿಕ್ಕ ಆ ಒಂದನ್ನು ಮಾತ್ರ ಸರಿಯಾದ ಶೀರ್ಷಿಕೆ ಕೊಟ್ಟು ಹೊಸ ಜಾಗಕ್ಕೆ ತನ್ನಿ. ಆ ಸಾವಿರ ಫೈಲ್‌ಗಳ ಪೈಕಿ ಮೂರು ವರ್ಷದಲ್ಲಿ ನಾನು ಹೊರತೆಗೆದದ್ದು ನಲವತ್ತನ್ನೂ ಮುಟ್ಟಿಲ್ಲ. ಅಮ್ಮನ ಔಷಧಿಯ ಕೋಷ್ಟಕವನ್ನು ಮಾತ್ರ ಮೊದಲ ವಾರವೇ ತಂದಿದ್ದೆ.