‘ನನ್ ತಲೇಲೇ ಏನೋ ದೋಷ ಇದೆ ಮೇಡಂ’
ನನ್ನ ಹತ್ರ ಸಲಹೆ ಕೇಳೋಕೆ ಬಂದ ಒಬ್ಬಳ ಕಥೆ ಇದು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ಇಪ್ಪತ್ತರ ಆಸುಪಾಸಿನ ಹುಡುಗಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದ್ಲು, ಅದುವರೆಗೆ ಕಲಿತಿದ್ದೆಲ್ಲ ಕನ್ನಡದಲ್ಲೇ. ಬಂದು ಕೂತವಳೇ ಮೂರು ನೋಟ್‌ಬುಕ್ ಟೇಬಲ್ ಮೇಲಿಟ್ಟು "ದಿನಾ 50 ಇಂಗ್ಲಿಷ್ ಪದ, ಒಂದೊಂದೂ ಹತ್ತತ್ತು ಸಲ ಬರೀತೀನಿ ಮೇಡಂ, ಬೆಳಗ್ಗೆ ಎದ್ರೆ ಐದೂ ನೆನಪಿರಲ್ಲ, ನನ್ ತಲೇಲೇ ಏನೋ ದೋಷ ಇದೆ" ಅಂತ ಅತ್ತೇಬಿಟ್ಲು.

ನೋಟ್‌ಬುಕ್ ತಿರುವಿ ನೋಡ್ದೆ. ಮುತ್ತಿನಂಥ ಅಕ್ಷರ, ಪುಟದ ಕೊನೆಗೆ ಬರ್ತಾ ಕೈ ಸೋತು ಸೊಟ್ಟ ಆಗಿತ್ತು. ‘ಅಬೇಟ್’ (ಕಮ್ಮಿ ಆಗು) ಅನ್ನೋ ಪದಾನ ಒಂದೇ ತಿಂಗಳಲ್ಲಿ ನಾಲ್ಕು ಕಡೆ ಹೊಸ ಪದ ಅಂತ ಬರ್ಕೊಂಡಿದ್ಲು, ಅದು ಹಳೇದೇ ಅಂತ ಅವಳಿಗೆ ಗೊತ್ತೇ ಆಗಿರ್ಲಿಲ್ಲ. ನಂಗೆ ಕರುಳು ಚುರುಕ್ ಅಂತು, ಎಷ್ಟು ಶ್ರಮ, ಎಲ್ಲ ಬರೀ ಕೈಗೆ!

ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥ ಇಲ್ಲದ ಉಚ್ಚಾರಗಳನ್ನ ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೀತೀವಿ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ರು, ಮೊದಲ ದಿನದಲ್ಲೇ ಅರ್ಧಕ್ಕಿಂತ ಜಾಸ್ತಿ ಜಾರಿಹೋಗುತ್ತೆ. ಇವಳ ಪಾಲಿಗೆ ಅಬೇಟ್ ಕೂಡ ಅಂಥದ್ದೇ ಅರ್ಥ ಇಲ್ಲದ ಸದ್ದು. ಮರೆತಿದ್ದು ದೋಷ ಅಲ್ಲಮ್ಮ, ಎಲ್ಲರ ತಲೇನೂ ಹಂಗೇ ಅಂದೆ.

ಆಮೇಲೆ ಕೇಳ್ದೆ, "ಜೋರು ಮಳೆ, ಮರದ ಕೆಳಗೆ ನಿಂತಿದೀಯ, ಮಳೆ ಕಮ್ಮಿ ಆಯ್ತು, ಬಾಯಲ್ಲಿ ಏನ್ ಬರುತ್ತೆ?"

"ಅಬ್ಬಾ, ಬಿಡ್ತು."

"ಇನ್ನೊಂದ್ಸಲ ಬೇಗ ಹೇಳು."

"ಅಬ್ಬಾ ಬಿಟ್... ಅಬೇಟ್!" ಅಳು ಹಂಗೇ ನಿಂತೋಯ್ತು.

ಇದೇ ಥರ, ಕ್ಯಾಂಡಿಡ್ ಅಂದ್ರೆ ಕಂಡಿದ್ದು ಕಂಡಂಗೆ ಹೇಳೋನು. ಮೊರೋಸ್ ಅಂದ್ರೆ ಮೋರೆ ಇಳಿಬಿಟ್ಕೊಂಡು ಕೂತೋನು. ಕನ್ನಡದಲ್ಲಿ ಓದಿದ್ದಕ್ಕೇ ಇಂಗ್ಲಿಷ್ ಬರಲ್ಲ ಅಂತ ಅವಳು ಅಂದ್ಕೊಂಡಿದ್ಲಲ್ಲ, ಅದೇ ಕನ್ನಡ ಇಲ್ಲಿ ಕೊಕ್ಕೆ ಥರ ಪದಾನ ಹಿಡ್ಕೊಳ್ಳುತ್ತೆ. 1975ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಟ್ಕಿನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮಾತಾಡೋ ವಿದ್ಯಾರ್ಥಿಗಳಿಗೆ ರಷ್ಯನ್ ಪದಗಳನ್ನ ಹೀಗೇ ಕಲಿಸಿ ನೋಡಿದ್ರು, ಈ ದಾರಿ ಹಿಡಿದವರಿಗೇ ಹೆಚ್ಚು ಪದ ನೆನಪಿದ್ವು.

ಕೊಟ್ಟ ಸಲಹೆ ಇಷ್ಟು. ದಿನಕ್ಕೆ 50 ಬೇಡ, ಎಂಟೋ ಹತ್ತೋ ಸಾಕು. ಸದ್ದಿಗೆ ಹತ್ರ ಇರೋ ಕನ್ನಡ ಮಾತು ನೀನೇ ಹುಡುಕು, ಅದಕ್ಕೊಂದು ಚಿತ್ರ ಕಣ್ಮುಂದೆ ತಂದ್ಕೋ. ಮಾರನೇ ದಿನ, ಮೂರನೇ ದಿನ, ವಾರ ಬಿಟ್ಟು ಮತ್ತೆ ನೋಡು, ನೋಡೋದು ಅಂದ್ರೆ ಅರ್ಥ ಮುಚ್ಚಿಟ್ಟು ಮೊದಲು ನೆನಪು ಮಾಡ್ಕೊಂಡು ಆಮೇಲೆ ತೆರೆಯೋದು, ಇದನ್ನ ಮಾತ್ರ ತಪ್ಪಿಸ್ಬೇಡ. ಅಡಾಪ್ಟ್ (ಹೊಂದಿಕೊಳ್ಳು), ಅದರ ಥರಾನೇ ಕೇಳೋ ಅಡೆಪ್ಟ್ (ನಿಪುಣ), ಇಂಥವನ್ನ ಒಂದೇ ದಿನ ಕಲೀಬೇಡ, ಕಲಸಿ ಹೋಗುತ್ತೆ. ಉಚ್ಚಾರಣೆ ಡಿಕ್ಷನರಿ ಆ್ಯಪಲ್ಲಿ ಕೇಳು, ಯಾಕಂದ್ರೆ ಕನ್ನಡದ ಕೊಕ್ಕೆ ನಾಲಿಗೇನೂ ತನ್ನ ಕಡೆ ಎಳೆಯುತ್ತೆ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ (ಹಾಗಿದ್ರೂ) ಥರದ ಪದಕ್ಕೆ ಚಿತ್ರ ಕಟ್ಟೋಕೆ ಒದ್ದಾಡ್ಬೇಡ, ಅದು ವಾಕ್ಯದಲ್ಲೇ ಬರ್ಬೇಕು.

ಮೂರು ವಾರ ಆದ್ಮೇಲೆ ಬಂದ್ಲು, ಒಂದೇ ನೋಟ್‌ಬುಕ್. ಅಂಚಲ್ಲಿ ಪೆನ್ಸಿಲಲ್ಲಿ ಒಂದು ಕೆಂಡ ಬರೆದಿದ್ಲು, ಪಕ್ಕದಲ್ಲಿ ‘ಕಿಂಡಲ್, ಹೊತ್ತಿಸು’. ಇದನ್ನ ನೀವ್ ಹೇಳ್ಕೊಟ್ಟಿದ್ದಲ್ಲ ಮೇಡಂ ಅಂದ್ಲು.