ಈಸ್ಟ್ರೋಜೆನ್ ಪ್ಯಾಚ್ ಹಾಕುತ್ತಿರುವಾಗ ಪ್ರೊಜೆಸ್ಟರಾನ್ ಮಾತ್ರೆ ಯಾಕೆ? ಅದನ್ನು ಬಿಡಬಹುದಾ?

ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ಚರ್ಮಕ್ಕೆ ಅಂಟಿಸುವ ಈ ಹಾರ್ಮೋನ್ ಪ್ಯಾಚ್ ಹಾಕಿಕೊಂಡ ಮೇಲೆ ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಎರಡೂ ಕಡಿಮೆಯಾಗಿದೆ. ಆದರೆ ಜೊತೆಗೆ ಕೊಟ್ಟ ಪ್ರೊಜೆಸ್ಟರಾನ್ ಮಾತ್ರೆಯಿಂದ ಮಂಪರು. ನಿಮ್ಮ ಗೆಳತಿಗೆ ಆ ಮಾತ್ರೆಯೇ ಇಲ್ಲ, ಹಾಗಾದರೆ ನಿಮಗೆ ಯಾಕೆ ಎಂದು ಕೇಳಿದ್ದೀರಿ, ಅಲ್ವಾ?

ಗೆಳತಿಯ ಗರ್ಭಕೋಶ ತೆಗೆದಿದ್ದಾರಾ, ಕೇಳಿ ನೋಡಿ. ನನ್ನ ಅಕ್ಕನಿಗೆ ತೆಗೆದಿದ್ದಾರೆ, ಅವಳಿಗೆ ಬರೀ ಈಸ್ಟ್ರೋಜೆನ್. ನನಗೆ ಗರ್ಭಕೋಶ ಇದೆ, ಹಾಗಾಗಿ ಎರಡೂ. ಒಂದೇ ಮನೆಯಲ್ಲಿ ಹುಟ್ಟಿದವರು, ಚೀಟಿ ಮಾತ್ರ ಬೇರೆ. ನಾನು ಡಾಕ್ಟರ್ ಅಲ್ಲ, ನಾಲ್ಕು ವರ್ಷದಿಂದ ಈ ಚಿಕಿತ್ಸೆಯಲ್ಲಿ ಇರುವವಳು.

ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಮುಟ್ಟು ಬರುತ್ತಿದ್ದ ಕಾಲದಲ್ಲಿ ಪ್ರೊಜೆಸ್ಟರಾನ್ ಬಂದು 'ಸಾಕು, ನಿಲ್ಲು' ಎನ್ನುತ್ತಿತ್ತು. ಅದು ಇಳಿದಾಗ ಪದರ ಕಳಚಿಕೊಂಡು ಹೋಗುತ್ತಿತ್ತು. ಈಗ ಬರೀ ಪ್ಯಾಚ್ ಹಾಕಿದರೆ ಬೆಳೆಸುವವರಿದ್ದಾರೆ, ತಡೆಯುವವರಿಲ್ಲ. ಪದರ ದಪ್ಪವಾಗುತ್ತಾ ಹೋಗಿ, ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗಬಹುದು. ಒಂದು ಕಾಲದಲ್ಲಿ ಈಸ್ಟ್ರೋಜೆನ್ ಒಂದನ್ನೇ ಧಾರಾಳವಾಗಿ ಕೊಡುತ್ತಿದ್ದರು. 1975ರಲ್ಲಿ ಈ ಕ್ಯಾನ್ಸರ್‌ನ ಸಂಬಂಧ ಬಯಲಿಗೆ ಬಂತು. ಆಮೇಲೆ ಅಮೆರಿಕದ 'ಪೆಪಿ' ಅಧ್ಯಯನದಲ್ಲಿ 3 ವರ್ಷ ನೋಡಿದರು. ಗರ್ಭಕೋಶ ಇದ್ದೂ ಬರೀ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 62 ಮಂದಿಗೆ ಒಳಪದರ ಅತಿಯಾಗಿ ಬೆಳೆದಿತ್ತು. ಪ್ರೊಜೆಸ್ಟರಾನ್ ಜೊತೆಗಿದ್ದವರಲ್ಲಿ ಅದು ತೀರಾ ಅಪರೂಪ.

ಕಷ್ಟ ಏನೆಂದರೆ, ಈ ಕೆಲಸ ನಮ್ಮ ಅನುಭವಕ್ಕೆ ಬರುವುದೇ ಇಲ್ಲ. ಪ್ಯಾಚ್ ಬಿಟ್ಟರೆ ಮೈ ಬೆವೆತು ತಾನೇ ಹೇಳುತ್ತದೆ. ಈ ಮಾತ್ರೆ ಬಿಟ್ಟರೆ ಹಾಯೆನಿಸುತ್ತದೆ, ಅದೇ ಮೋಸ.

ಇನ್ನು ಮಂಪರಿನ ವಿಷಯ. ನೀವು ಎಷ್ಟು ಹೊತ್ತಿಗೆ ನುಂಗುತ್ತೀರಿ ಎಂದು ಬರೆದಿಲ್ಲ. ನಾನು ಶುರುವಿನಲ್ಲಿ ಬೆಳಗ್ಗೆ ತಿಂಡಿ ಆದ ಮೇಲೆ ನುಂಗಿಬಿಟ್ಟಿದ್ದೆ. ಹನ್ನೊಂದು ಗಂಟೆಗೆ ಮೀಟಿಂಗ್‌ನಲ್ಲಿ ಕೂತಾಗ ಕಂಪ್ಯೂಟರ್ ಮೇಲಿನ ಸಾಲುಗಳು ತೇಲುತ್ತಿದ್ದವು, ಎದ್ದು ನಿಂತರೆ ನೆಲ ಓಲಾಡಿದ ಹಾಗೆ. ಹೊಟ್ಟೆಗೆ ಹೋದ ಪ್ರೊಜೆಸ್ಟರಾನ್‌ನಿಂದ ಮೈಯಲ್ಲಿ ತಯಾರಾಗುವ ಒಂದು ವಸ್ತು ಮಿದುಳನ್ನು ಶಾಂತ ಮಾಡುತ್ತದೆ, ಹೆಚ್ಚುಕಡಿಮೆ ನಿದ್ದೆ ಮಾತ್ರೆಯ ಹಾಗೆ. ಊಟದ ಜೊತೆ ನುಂಗಿದರೆ ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಅದಕ್ಕೇ ಮಲಗುವ ಹೊತ್ತಿಗೆ ಕೊಡುವುದು. ಈಗ ನನಗೆ ಅದೇ ನಿದ್ದೆಗೆ ಅನುಕೂಲ, ನಿಜ ಹೇಳಬೇಕೆಂದರೆ ಬಿಡಿ ಎಂದರೂ ಬಿಡಲು ಮನಸ್ಸಿಲ್ಲ.

ಹೊತ್ತು ಬದಲಾಯಿಸಿದರೂ ಆಗದಿದ್ದರೆ, ಅಥವಾ ಮನಸ್ಸು ಕುಗ್ಗಿದ ಹಾಗಾದರೆ ಬೇರೆ ದಾರಿಗಳಿವೆ. ದಿನಾ 100 ಮಿಲಿಗ್ರಾಂ ಬದಲು ತಿಂಗಳಿಗೆ 12ರಿಂದ 14 ದಿನ 200 ಮಿಲಿಗ್ರಾಂ ಕೊಡುವುದುಂಟು. ಆಗ ಮುಟ್ಟಿನ ಹಾಗೆ ರಕ್ತ ಹೋಗಬಹುದು. ಲೆವೊನಾರ್ಜೆಸ್ಟ್ರೆಲ್ ಎಂಬ ಕೃತಕ ಪ್ರೊಜೆಸ್ಟರಾನ್ ಇರುವ ಕಾಯಿಲ್ ಅನ್ನು, ಅಂದರೆ ಕಾಪರ್-ಟಿಯಂಥ ಸಣ್ಣ ಸಾಧನವನ್ನು, ಗರ್ಭಕೋಶದೊಳಗೇ ಕೂರಿಸುವುದೂ ಇದೆ. ಆದರೆ ಅಂಗಡಿಯಲ್ಲಿ ಸಿಗುವ ಪ್ರೊಜೆಸ್ಟರಾನ್ ಕ್ರೀಮ್ ನಂಬಿಕೊಳ್ಳಬೇಡಿ, ಒಳಪದರವನ್ನು ಕಾಪಾಡುವಷ್ಟು ಅದು ರಕ್ತಕ್ಕೆ ಸೇರುವುದಿಲ್ಲ.

ಸ್ತನ ಕ್ಯಾನ್ಸರ್ ಭಯವೂ ಇರಬಹುದು. 2002ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದ ದೊಡ್ಡ ಅಧ್ಯಯನದಲ್ಲಿ ಎರಡೂ ಸೇರಿಸಿ ತೆಗೆದುಕೊಂಡವರಿಗೆ ಆ ಅಪಾಯ ಸ್ವಲ್ಪ ಹೆಚ್ಚಿತ್ತು. ಅಲ್ಲಿ ಬಳಸಿದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ, ಪ್ರೊಜೆಸ್ಟರಾನ್‌ನ ಕೃತಕ ರೂಪ. ನಿಮ್ಮ ಚೀಟಿಯಲ್ಲಿ ಯಾವುದಿದೆ ನೋಡಿ, ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದಿದ್ದರೆ ಡಾಕ್ಟರಿಗೆ ಹೇಳಿ.

ಈಗಾಗಲೇ ಸುಮ್ನೆ ಬಿಟ್ಟಿದ್ದೀರಾದರೆ ಮುಚ್ಚಿಡಬೇಡಿ. ನಾನೂ ಒಮ್ಮೆ ಎರಡು ತಿಂಗಳು ಬಿಟ್ಟಿದ್ದೆ. ಒಂದು ದಿನ ಒಳಉಡುಪಿನಲ್ಲಿ ರಕ್ತದ ಕಲೆ ಕಂಡಾಗ ಎದೆ ಧಸಕ್ ಎಂದಿತು. ಸ್ಕ್ಯಾನ್ ಮಾಡಿ ಪದರದ ದಪ್ಪ ಅಳೆದರು, ಪುಣ್ಯಕ್ಕೆ ಏನೂ ಇರಲಿಲ್ಲ. ಚಿಕಿತ್ಸೆ ಶುರುವಾದ ಮೊದಲ ಕೆಲವು ತಿಂಗಳು ಒಂದೆರಡು ಕಲೆ ಕಾಣುವುದು ಸಾಮಾನ್ಯ. ದಿನಾ ಮಾತ್ರೆ ನುಂಗುವವರಿಗೆ ಆರು ತಿಂಗಳಾದ ಮೇಲೂ ಕಂಡರೆ, ಅಥವಾ ನಿಂತಿದ್ದು ಮತ್ತೆ ಶುರುವಾದರೆ, ಅದೇ ವಾರ ತೋರಿಸಿ.